ಬಾತ ಕೈಗೆ ಕಂಪ್ರೆಷನ್ ಸ್ಲೀವ್: ಒಂದು ಬೇಸಿಗೆ, ಒಂದು ಮಳೆಗಾಲ ಬಳಸಿದ ಮೇಲೆ

ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕೈ ಬಾತುಕೊಂಡವರಿಗೆ ಡಾಕ್ಟರು ಒಂದು ಬಿಗಿಯಾದ ಸ್ಲೀವ್ ಹಾಕಲು ಹೇಳುತ್ತಾರೆ. ಮುಂಗೈಯಿಂದ ಕಂಕುಳಿನ ತನಕ ಬರುವ ಎಲಾಸ್ಟಿಕ್ ತೋಳು ಅದು. ನಮ್ಮ ಉಡುಪಿಯ ಸೆಕೆಯಲ್ಲಿ, ಜುಲೈ ತಿಂಗಳ ಮಳೆಯಲ್ಲಿ ಅದನ್ನು ಹಾಕಿಕೊಂಡು ಮನೆಕೆಲಸ ಮಾಡುವುದು ಹೇಗೆ ಎಂದು ತಿಳಿಸುವವರು ನನಗೆ ಯಾರೂ ಸಿಗಲಿಲ್ಲ. ಯಾರಿಗಾದರೂ ಬೇಕಾದೀತು ಎಂದು ಬರೆಯುತ್ತಿದ್ದೇನೆ.

ನಮ್ಮದು ಶಂಕರಪುರದ ಹತ್ತಿರ. ಮನೆ ಅಂಗಳದಲ್ಲಿ ಮಲ್ಲಿಗೆ ಗಿಡ ಉಂಟು. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಖರೀದಿಸುವ ಕಟ್ಟೆಗೆ ಕೊಡುವುದು ನನ್ನ ಕೆಲಸ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಲೆಕ್ಕ ಹಾಕಿ ನೋಡಿ, ಒಂದು ಅಟ್ಟೆಗೆ ಬೆರಳು ಎಷ್ಟು ಸಲ ತಿರುಗಬೇಕು! ಹಬ್ಬ, ಮದುವೆ, ನಾಗಾರಾಧನೆ ಒಟ್ಟಿಗೆ ಬಂದರೆ ಅಟ್ಟೆಗೆ ಎರಡು ಸಾವಿರ ರೂಪಾಯಿ ದಾಟುವುದೂ ಉಂಟು. ಮಕ್ಕಳ ಫೀಸು ಕಟ್ಟಿದ್ದು ಇದೇ ಹೂವಿನಿಂದ.

ನನಗೆ ಬಲಗಡೆಯ ಸ್ತನದ ಆಪರೇಷನ್ ಆಗಿ ಕೆಲವು ವರ್ಷ ಆಗಿದೆ. ಆಗ ಕಂಕುಳಿನ ಗ್ರಂಥಿಗಳನ್ನೂ ತೆಗೆದರು, ರೇಡಿಯೇಷನ್ ಕೊಟ್ಟರು. ಆಮೇಲೆ ರೋಗ ಬೆನ್ನುಮೂಳೆಗೂ ಸೊಂಟಕ್ಕೂ ಬಂತು. ಈಗ ನಾಲ್ಕನೇ ಹಂತ. ದಿನಾ ಲೆಟ್ರೊಜೋಲ್ ಎಂಬ ಹಾರ್ಮೋನ್ ತಗ್ಗಿಸುವ ಮಾತ್ರೆ ಉಂಟು. ಜೊತೆಗೆ ಪಾಲ್ಬೊಸಿಕ್ಲಿಬ್ ಎಂಬ ಕ್ಯಾನ್ಸರ್ ಮಾತ್ರೆ, ಮೂರು ವಾರ ತಿಂದು ಒಂದು ವಾರ ಬಿಡುವುದು. ಎಲುಬಿಗೆ ಇಂಜೆಕ್ಷನ್ ಬೇರೆ. ಇದು ಪೂರ್ತಿ ಗುಣವಾಗುವ ಹಂತ ಅಲ್ಲ, ಹತೋಟಿಯಲ್ಲಿ ಇಟ್ಟುಕೊಂಡು ಬದುಕುವುದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಾದರೆ ಬದುಕುವ ದಿನ ಹೇಗಿರಬೇಕು ಎಂಬುದೇ ದೊಡ್ಡ ಪ್ರಶ್ನೆ, ಅಲ್ವಾ? ನನಗೆ ಆ ದಿನದಲ್ಲಿ ಹೂ ಕಟ್ಟುವುದು ಇರಬೇಕು.

ಕೈ ಬಾಯಲು ಶುರುವಾದದ್ದು ನಿಧಾನಕ್ಕೆ. ಮೊದಲು ಬಳೆ ಬಿಗಿಯಾಯಿತು. ಆಮೇಲೆ ರವಿಕೆಯ ತೋಳು. ಸಂಜೆಯಾದರೆ ಕೈ ಕಲ್ಲು ಭಾರ. ತೋಟದ ತೋಡಿಗೆ ಮಣ್ಣು ಬಿದ್ದರೆ ನೀರು ಮುಂದೆ ಹೋಗದೆ ಗದ್ದೆಗೆ ಹತ್ತುತ್ತದಲ್ಲ, ಹಾಗೆಯೇ ಇದು. ಗ್ರಂಥಿ ತೆಗೆದು, ರೇಡಿಯೇಷನ್ ಕೊಟ್ಟ ಮೇಲೆ ಚರ್ಮದಡಿಯ ದ್ರವ ಹರಿದು ಹೋಗುವ ದಾರಿ ಕಡಿಮೆಯಾಗುತ್ತದೆ, ಅದು ಕೈಯಲ್ಲೇ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಲಿಂಫೆಡಿಮಾ ಅನ್ನುತ್ತಾರೆ. ಆಪರೇಷನ್ ಆದ ಕೂಡಲೇ ಬರಬಹುದು, ವರ್ಷಗಳು ಕಳೆದ ಮೇಲೂ ಬರಬಹುದು. ಮೂತ್ರ ಹೋಗುವ ಮಾತ್ರೆ ತಿಂದರೆ ಇದು ಇಳಿಯುವುದಿಲ್ಲ. ನಮ್ಮ ಕಡೆ ಆ ಸಲಹೆ ಕೊಡುವವರು ಬಹಳ, ಅದಕ್ಕೇ ಹೇಳಿದೆ.

ಮನೆಗೆ ಬಂದವರೆಲ್ಲ, "ರೋಗ ಎಲುಬಿಗೆ ಹೋಗಿದೆ, ಕೈ ಬಾತದ್ದು ಎಂತ ದೊಡ್ಡದು" ಅಂದರು. ಆ ಮಾತು ನನಗೆ ತುಂಬ ನೋವು ಕೊಟ್ಟಿತು. ಬೆನ್ನಿನ ರೋಗ ಸ್ಕ್ಯಾನಿನಲ್ಲಿ ಕಾಣುತ್ತದೆ. ಕೈ ಮಾತ್ರ ಬೆಳಿಗ್ಗೆ ಎದ್ದ ಕ್ಷಣದಿಂದ ನನ್ನ ಜೊತೆಗೇ ಇರುತ್ತದೆ. ಸೀರೆ ನೆರಿಗೆ ಹಿಡಿಯಬೇಕು, ತೆಂಗಿನಕಾಯಿ ತುರಿಯಬೇಕು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಬೇಕು. ಆಸ್ಪತ್ರೆಯಲ್ಲಿ ಒಮ್ಮೆ ಅಧ್ಯಯನ ಮಾಡುವ ಹುಡುಗಿಯೊಬ್ಬಳು ಬಂದು ಪ್ರಶ್ನೆ ಕೇಳಿದಳು. ಸ್ತನ ಕ್ಯಾನ್ಸರಿನವರ ಜೀವನದ ಗುಣಮಟ್ಟ ಅಳೆಯಲು ಬೇರೆ ಬೇರೆ ದೇಶಗಳಲ್ಲಿ ಬಳಸುವ 23 ಪ್ರಶ್ನೆಗಳ ಪಟ್ಟಿಯಂತೆ ಅದು. ಅದರಲ್ಲಿ ಮೂರು ಪ್ರಶ್ನೆ ಬರೇ ಕೈಯದ್ದು! ತೋಳು, ಭುಜ ನೋಯುತ್ತಿದೆಯೇ, ಕೈ ಬಾತಿದೆಯೇ, ಕೈ ಎತ್ತಲು ಕಷ್ಟವೇ. ನನ್ನ ಕೈಯ ಕಷ್ಟಕ್ಕೂ ಒಂದು ಲೆಕ್ಕ ಉಂಟು ಎಂದು ಅವತ್ತು ಗೊತ್ತಾಯಿತು. ಅದೇ ದಿನ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿದೆ.

ಅವರು ಕೂಡಲೇ ಸ್ಲೀವ್ ಬರೆಯಲಿಲ್ಲ. ಮೊದಲು ಸ್ಕ್ಯಾನ್ ಮಾಡಿಸಿದರು. ನನ್ನಂಥವರ ಕೈ ಬಾತರೆ ಕಂಕುಳಲ್ಲಿ ರೋಗ ಮರಳಿ ಬಂದಿದೆಯೇ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಲೇಬೇಕಂತೆ. ಅದರಲ್ಲೂ ಒಮ್ಮೆಲೇ ಬಾತರೆ ಕಾಯಲೇ ಬಾರದು. ತೋಳಿನ ಎಲುಬಿಗೆ ರೋಗ ಬಂದಿಲ್ಲ ಎಂಬುದನ್ನೂ ಖಚಿತ ಮಾಡಿಕೊಂಡರು, ಯಾಕೆಂದರೆ ಸ್ಲೀವ್ ಎಳೆದು ಹಾಕುವಾಗ ಬಲ ಬೀಳುತ್ತದೆ. ಎಲ್ಲ ಸರಿ ಉಂಟು ಎಂದ ಮೇಲೆಯೇ ಫಿಸಿಯೋಥೆರಪಿಗೆ ಕಳಿಸಿದರು.

ಅಲ್ಲಿ ಮೊದಲು ಪದರ ಪದರವಾಗಿ ಬ್ಯಾಂಡೇಜ್ ಸುತ್ತಿ, ಮೆಲ್ಲಗೆ ಕೈ ನೀವಿ ಬಾವು ಇಳಿಸಿದರು. ಸ್ಲೀವ್ ಬರುವುದು ಆಮೇಲೆ. ಇಳಿದ ಕೈ ಮತ್ತೆ ಬಾಯದಂತೆ ಹಿಡಿದಿಡುವುದು ಅದರ ಕೆಲಸ. ತುಂಬ ಬಾತ ಕೈಗೆ ನೇರ ಸ್ಲೀವ್ ತುರುಕಿದರೆ ಪ್ರಯೋಜನ ಕಡಿಮೆ.

ಇನ್ನು ಖರೀದಿಯ ವಿಷಯ. ಒಂದು ಅಂಗಡಿಯಲ್ಲಿ ನನ್ನನ್ನು ನೋಡಿ, "ನಿಮಗೆ ಲಾರ್ಜ್ ಸಾಕಮ್ಮ" ಎಂದು ಪೆಟ್ಟಿಗೆ ಕೊಟ್ಟರು. ಟೇಪು ತೆಗೆಯಲೇ ಇಲ್ಲ. ಆ ಸ್ಲೀವ್ ತೋಳಿನ ಮೇಲ್ಭಾಗದಲ್ಲಿ ಸಡಿಲ, ಮುಂಗೈಯಲ್ಲಿ ಹಗ್ಗ ಬಿಗಿದಂತೆ ಇತ್ತು. ಮಧ್ಯಾಹ್ನದೊಳಗೆ ಅಂಗೈಯ ಹಿಂಭಾಗ ಉಬ್ಬಿತು. ಬದಲಿಸಿ ಕೊಡುವುದಿಲ್ಲ ಅಂದರು. ಕ್ಯಾನ್ಸರಿನವರಿಗೆ ಮಾರುವ ಸಾಮಾನು ಇದು, ಚಪ್ಪಲಿಗೂ ಕಾಲು ಅಳೆಯುತ್ತಾರೆ! ನನಗೆ ಇಂದಿಗೂ ಆ ಬಗ್ಗೆ ಸಿಟ್ಟು ಉಂಟು.

ಸರಿಯಾದ ಸ್ಲೀವಿಗೆ ಫಿಸಿಯೋಥೆರಪಿಸ್ಟ್ ಅಳತೆ ತೆಗೆದರು. ಮುಂಗೈ, ಮೊಣಕೈಯ ಕೆಳಗೆ, ಮೊಣಕೈ, ತೋಳಿನ ನಡು, ಕಂಕುಳಿನ ಹತ್ತಿರ, ಹೀಗೆ ಎಲ್ಲ ಕಡೆ ಸುತ್ತಳತೆ, ಆಮೇಲೆ ಉದ್ದ. ನನ್ನ ಪೆಟ್ಟಿಗೆಯ ಮೇಲೆ 20-30 ಎಂದು ಇದೆ. ಅದು ಒತ್ತಡ. ಬಿಪಿ ಅಳೆಯುವ ಅದೇ ಪಾದರಸದ ಮಿಲಿಮೀಟರ್ ಲೆಕ್ಕ. ಚರ್ಮ ತೆಳುವಾದವರಿಗೆ, ತುಂಬ ನಿಶ್ಶಕ್ತಿ ಇರುವವರಿಗೆ ಇದಕ್ಕಿಂತ ಕಡಿಮೆ ಒತ್ತಡದ್ದು ಕೊಡುತ್ತಾರೆ. ಅದನ್ನು ಅಂಗಡಿಯವರು ನಿರ್ಧರಿಸುವುದಲ್ಲ. ನನ್ನದು ಇಲ್ಲೇ ನಮ್ಮ ದೇಶದಲ್ಲಿ ತಯಾರಾದದ್ದು, ಅಂಗೈಯ ತುಂಡು ಸೇರಿ ಎರಡು ಸಾವಿರದ ಒಳಗೆ ಬಂತು. ಕಂಪನಿಯ ಹೆಸರು ಹೇಳುವುದಿಲ್ಲ. ಅಳತೆ ಸರಿ ಇದ್ದರೆ ಹೆಸರಿನಿಂದ ದೊಡ್ಡ ವ್ಯತ್ಯಾಸ ಇಲ್ಲ ಎಂಬುದು ನನ್ನ ಅನುಭವ.

ಅಂಗೈಯ ತುಂಡು ಅಂದೆನಲ್ಲ, ಅದು ಬಹಳ ಮುಖ್ಯ. ಬರೇ ತೋಳಿಗೆ ಹಾಕಿದರೆ ಕೆಲವರಿಗೆ ದ್ರವ ಕೆಳಗೆ ಅಂಗೈಗೆ ಇಳಿಯುತ್ತದೆ. ನನಗೆ ಆದದ್ದೂ ಅದೇ. ಬೆರಳು ಮುಚ್ಚುವ ಗ್ಲೌಸ್ ಕೊಡುವುದಾಗಿ ಹೇಳಿದರು. ಬೆರಳು ಮುಚ್ಚಿದರೆ ಮಲ್ಲಿಗೆ ಮೊಗ್ಗು ಹಿಡಿಯುವುದು ಹೇಗೆ? ಫಿಸಿಯೋಥೆರಪಿಸ್ಟ್ ಹತ್ತಿರ ಹೂ ಕಟ್ಟುವುದನ್ನು ಬರೇ ಕೈಯಲ್ಲೇ ಮಾಡಿ ತೋರಿಸಿದೆ. "ಹಾಗಾದರೆ ಬೆರಳು ತೆರೆದಿರುವುದು ಹಾಕುವ ಅಮ್ಮ, ಬೆರಳು ಬಾತರೆ ಬದಲಿಸುವ" ಅಂದರು. ಬೆರಳು ಬಾಯಲಿಲ್ಲ. ನಿಮ್ಮ ಕೆಲಸ ಎಂತ ಎಂದು ಅವರಿಗೆ ಹೇಳಿ. ಬೀಡಿ ಕಟ್ಟುವವರಿಗೆ, ಹೊಲಿಗೆಯವರಿಗೆ, ಮೀನು ಕೊಯ್ಯುವವರಿಗೆ ಬೇಕಾದದ್ದು ಬೇರೆ ಬೇರೆ.

ಹಾಕಿಕೊಂಡ ಮೇಲೆ ಹೇಗಿತ್ತು? ಮೊದಲ ವಾರ ಬೇಡವೇ ಬೇಡ ಅನಿಸಿತು. ಏಪ್ರಿಲ್ ತಿಂಗಳು, ಬೆವರು ಹರಿಯುತ್ತಿತ್ತು. ಮೇಲ್ತುದಿಯಲ್ಲಿ ಜಾರದಂತೆ ಸಿಲಿಕೋನಿನ ಚುಕ್ಕೆಗಳ ಪಟ್ಟಿ ಇದೆ. ಅದರಡಿ ಚರ್ಮ ಕೆಂಪಾಗಿ ತುರಿಕೆ ಬಂತು. ಈ ಸ್ಲೀವಿನ ದೊಡ್ಡ ದೋಷ ಇದೇ. ಕರಾವಳಿಯವರು ಆ ಪಟ್ಟಿ ಇಲ್ಲದ್ದನ್ನು ಕೇಳಿ, ಭುಜಕ್ಕೆ ಬೆಲ್ಟ್ ಬರುವ ನಮೂನೆಯೂ ಸಿಗುತ್ತದೆ. ಮೊಣಕೈ ಮಡಚುವಲ್ಲಿ ಬಟ್ಟೆ ನೆರಿಗೆಯಾಗಿ ಒತ್ತುತ್ತದೆ, ಆಗಾಗ ನೀವಿ ಸರಿಮಾಡಬೇಕು. ಉದ್ದ ಜಾಸ್ತಿಯಾಯಿತು ಎಂದು ಮೇಲ್ತುದಿಯನ್ನು ಮಡಚಬಾರದು, ಅಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ತೆಗೆಯಬೇಕು.

ಎರಡನೇ ವಾರದಿಂದ ವ್ಯತ್ಯಾಸ ಗೊತ್ತಾಯಿತು. ಸಂಜೆಯ ಭಾರ ಇಳಿಯಿತು. ಹೂ ಕಟ್ಟಿ ಮುಗಿಸಿದ ಮೇಲೂ ಕೈ ನನ್ನದೇ ಅನಿಸುತ್ತಿತ್ತು. ಮೊದಲಿನಷ್ಟು ಅಟ್ಟೆ ಆಗುವುದಿಲ್ಲ, ನಡುವೆ ಎದ್ದು ಕೈ ಮೇಲೆತ್ತಿ ಮುಷ್ಟಿ ಕಟ್ಟಿ ಬಿಚ್ಚಿ ಮಾಡಬೇಕು. ಆದರೆ ಹೂ ಕಟ್ಟೆಗೆ ಹೋಗುತ್ತದೆ. ನನಗೆ ಅಷ್ಟು ಬೇಕಿತ್ತು.

"ಆ ಕೈಯಲ್ಲಿ ಕೆಲಸವೇ ಮಾಡಬೇಡಿ ಅತ್ತೆ" ಎಂದು ಸೊಸೆಗೆ ಹೆದರಿಕೆ. ಫಿಸಿಯೋಥೆರಪಿಸ್ಟ್ ಅವಳನ್ನು ಕೂರಿಸಿ ವಿವರಿಸಿದರು. 2009ರಲ್ಲಿ ಅಮೆರಿಕದಲ್ಲಿ ಕೈ ಬಾತ 141 ಹೆಂಗಸರ ಮೇಲೆ ಒಂದು ಅಧ್ಯಯನ ಪ್ರಕಟವಾಯಿತಂತೆ. ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತುವ ವ್ಯಾಯಾಮ ಮಾಡಿದವರ ಬಾವು ಅದರಿಂದ ಹೆಚ್ಚಾಗಲಿಲ್ಲ. ಅವರು ವ್ಯಾಯಾಮದ ಹೊತ್ತಿಗೆ ಸ್ಲೀವ್ ಹಾಕಿದ್ದರು, ನಿಧಾನಕ್ಕೆ ಭಾರ ಏರಿಸಿದ್ದರು. ಅವರು ಚಿಕಿತ್ಸೆ ಮುಗಿಸಿದವರು, ನನ್ನ ಹಂತದವರಲ್ಲ. ಬೆನ್ನಿನ ಕಾರಣ ನಾನು ಕೊಡಪಾನ ಎತ್ತುವುದಿಲ್ಲ. ಆದರೆ ಕೈಯನ್ನು ಸುಮ್ನೆ ಮಡಿಲಲ್ಲಿ ಇಟ್ಟು ಕೂರಬೇಕಾಗಿಲ್ಲ ಎಂಬುದು ಸೊಸೆಗೂ ಧೈರ್ಯ ಕೊಟ್ಟಿತು. ಈಗ ಬೆಳಿಗ್ಗೆ ಸ್ಲೀವ್ ಹಾಕಿಕೊಡುವವಳು ಅವಳೇ. ಹಿಂದೆ ಕೊಟ್ಟ ಕಿಮೋದಿಂದ ನನ್ನ ಬೆರಳ ತುದಿ ಮರಗಟ್ಟಿದೆ, ಬಟ್ಟೆ ಹಿಡಿತಕ್ಕೆ ಸಿಗುವುದಿಲ್ಲ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿ ಎಳೆದರೆ ಸುಲಭವಾಗಿ ಏರುತ್ತದೆ. ಎದ್ದ ಕೂಡಲೇ ಹಾಕಬೇಕು, ಆಗ ಕೈ ಸಣ್ಣ ಇರುತ್ತದೆ. ರಾತ್ರಿ ತೆಗೆದು ಕ್ರೀಮ್ ಅಥವಾ ತೆಂಗಿನೆಣ್ಣೆ ಹಚ್ಚುವುದು. ಬೆಳಿಗ್ಗೆ ಹಚ್ಚಿದರೆ ಸ್ಲೀವ್ ಏರುವುದೂ ಇಲ್ಲ, ಎಲಾಸ್ಟಿಕ್ ಕೂಡ ಹಾಳಾಗುತ್ತದೆ.

ಮಳೆಗಾಲ ಬಂದ ಮೇಲೆ ಬೇರೆ ಪಾಡು. ಬಾಳೆನಾರು ಒದ್ದೆ, ಮೊಗ್ಗು ಒದ್ದೆ, ಅಂಗೈಯ ತುಂಡು ಬೇಗ ನೆನೆಯುತ್ತದೆ. ಒದ್ದೆಯಲ್ಲೇ ಇದ್ದರೆ ಬೆರಳ ಸಂದಿಯಲ್ಲಿ ಫಂಗಸ್ ಬರುತ್ತದೆ. ಎರಡು ಜೊತೆ ಇಲ್ಲದೆ ಇಲ್ಲಿ ಆಗುವುದೇ ಇಲ್ಲ. ಒಂದನ್ನು ಮೆದು ಸೋಪಿನಲ್ಲಿ ತಣ್ಣೀರಲ್ಲಿ ತೊಳೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಹರಡುತ್ತೇವೆ. ನಮ್ಮ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವ ಕ್ರಮ ಉಂಟಲ್ಲ, ಇದನ್ನು ಅಲ್ಲಿ ಹಾಕಬೇಡಿ. ಬಿಸಿಗೆ ಎಲಾಸ್ಟಿಕ್ ಸಾಯುತ್ತದೆ. ದಿನಾ ಹಾಕಿದರೆ ಸುಮಾರು ಆರು ತಿಂಗಳಿಗೆ ಬಿಗಿ ಹೋಗುತ್ತದೆ, ಹೊಸದು ಬೇಕು. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಒಂದು ಎಚ್ಚರಿಕೆ. ಆಗಸ್ಟಿನಲ್ಲಿ ಗಿಡ ಕತ್ತರಿಸುವಾಗ ಕಡ್ಡಿ ಗೀರಿತು. ಮರುದಿನ ಕೈ ಕೆಂಪಾಗಿ ಬಿಸಿಯಾಯಿತು, ಚಳಿಜ್ವರ ಬಂತು. ಬಾತ ಕೈಗೆ ಸೋಂಕು ಬೇಗ ಹತ್ತುತ್ತದೆ. ಅದರ ಮೇಲೆ ಪಾಲ್ಬೊಸಿಕ್ಲಿಬ್ ಬಿಳಿ ರಕ್ತಕಣ ಇಳಿಸುವ ಮಾತ್ರೆ. ಮಗ ಅದೇ ರಾತ್ರಿ ಮಣಿಪಾಲಕ್ಕೆ ಕರೆದುಕೊಂಡು ಹೋದ. ಆ್ಯಂಟಿಬಯೋಟಿಕ್ ಕೊಟ್ಟರು, ಕ್ಯಾನ್ಸರ್ ಮಾತ್ರೆ ತಡೆಹಿಡಿದರು, ಡಾಕ್ಟರು ಹೇಳುವ ತನಕ ಸ್ಲೀವ್ ಹಾಕಬಾರದು ಅಂದರು. ಹುಷಾರಾದೆ. ಈಗ ಗಿಡದ ಕೆಲಸಕ್ಕೆ ಸ್ಲೀವಿನ ಮೇಲೆ ದಪ್ಪ ತೋಟದ ಗ್ಲೌಸ್ ಇಲ್ಲದೆ ಇಳಿಯುವುದಿಲ್ಲ. ಕೈ ಕೆಂಪು, ಬಿಸಿ, ಜ್ವರ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಸ್ಲೀವಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಸಿಲಿಕೋನ್ ಪಟ್ಟಿಗೆ. ಅಳೆಯದೆ ಮಾರುವವರಿಗೆ ಸೊನ್ನೆ. ತಯಾರಿಸುವವರು ಸೆಕೆಯ ಊರಿಗೆ ತೆಳು ಬಟ್ಟೆಯಲ್ಲಿ, ನಮ್ಮ ಮೈಬಣ್ಣಕ್ಕೆ ಹೊಂದುವ ಹಾಗೆ ಮಾಡಿದರೆ ಒಳ್ಳೆಯದು. ಈಗ ಇರುವ ಮಾಸಲು ಬಿಳಿ ನೋಡಿ ಬಸ್ಸಿನಲ್ಲಿ ಎಲ್ಲರೂ ಕೈ ಮುರಿದದ್ದಾ ಎಂದು ಕೇಳುತ್ತಾರೆ.

ಅಳತೆಗೆ ಹೋಗುವವರು ಬೆಳಗ್ಗಿನ ಹೊತ್ತೇ ಹೋಗಿ. ತೋಳು ಅಗಲ ಇರುವ ರವಿಕೆ ಅಥವಾ ನೈಟಿ ಹಾಕಿ. ಬಳೆ, ಉಂಗುರ ಮನೆಯಲ್ಲೇ ತೆಗೆದಿಡಿ, ಸ್ಲೀವ್ ಅದಕ್ಕೆ ಸಿಕ್ಕಿ ಹರಿಯುತ್ತದೆ. ಹಾಕಿಕೊಡಲು ಮನೆಯಲ್ಲಿ ಯಾರು ಇರುತ್ತಾರೋ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರೂ ಕಲಿಯಲಿ.