ಕಿಟ್ ಗಿಟಾರ್: ಮರ ಚೆನ್ನಾಗಿದೆ, ವೈರಿಂಗ್ ನೀವೇ ನೋಡ್ಕೊಳ್ಳಿ

ಬಿಡಿಭಾಗಗಳನ್ನು ನಾವೇ ಜೋಡಿಸಿಕೊಳ್ಳುವ ಎಲೆಕ್ಟ್ರಿಕ್ ಗಿಟಾರ್ ಕಿಟ್ ತರಿಸಿದ್ದೆ, ಟೆಲಿಕಾಸ್ಟರ್ ಮಾದರಿಯದು. ಬಾಸ್‌ವುಡ್ ಬಾಡಿ, ಮೇಪಲ್ ನೆಕ್, 25.5 ಇಂಚಿನ ಸ್ಕೇಲ್ (ತಂತಿ ಮಿಡಿಯುವ ಉದ್ದ). ನೆಕ್ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿತು. ಅಷ್ಟಕ್ಕೇ ಅರ್ಧ ದುಡ್ಡು ವಸೂಲಿ.

ಮಂಗಳೂರಿನ ಜುಲೈ ಮಳೆ. ಲ್ಯಾಕರ್ ಹೊಡೆದರೆ ತೇವಕ್ಕೆ ಬಿಳಿಚಿಕೊಳ್ಳುತ್ತದೆ, ಅಲ್ವಾ? ಅದಕ್ಕೇ 320ರ ಸ್ಯಾಂಡ್‌ಪೇಪರ್‌ವರೆಗೆ ಉಜ್ಜಿ, ಹಳೇ ಬನಿಯನ್ ಬಟ್ಟೆಯಲ್ಲಿ ಟಂಗ್ ಆಯಿಲ್ ಒರೆಸಿದೆ. ಆರು ಕೋಟ್. ಅಷ್ಟು ದಿನ ಊಟದ ಮೇಜು ಗಿಟಾರಿನದೇ. ಅಮ್ಮ ನೆಲದಲ್ಲೇ ಬಡಿಸಿದರು.

ಆಂಪ್ಲಿಫೈಯರ್‌ಗೆ ಹಾಕಿದರೆ ಬರೀ ಗುಂಯ್! ತಿರುಗಿಸುವ ಗುಂಡಿಗಳಿರುವ ಕಂಟ್ರೋಲ್ ಪ್ಲೇಟ್ ಮುಟ್ಟಿದರೆ ನಿಲ್ಲುತ್ತದೆ, ತಂತಿ ಮುಟ್ಟಿದರೆ ಇಲ್ಲ. ನೋಡಿದರೆ ತಂತಿ ಕೂರುವ ಬ್ರಿಡ್ಜಿಗೆ ಹೋಗಬೇಕಾದ ಗ್ರೌಂಡ್ (ಅರ್ಥಿಂಗ್) ವೈರೇ ಕೊಟ್ಟಿಲ್ಲ. ಒಂದು ಗೇಣು ವೈರ್ ಹಾಕಿದೆ, ಸದ್ದು ಅಡಗಿತು.

ನಟ್ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಚಡಿಗಳ ಪಟ್ಟಿ) ಸ್ವಲ್ಪ ಜಾಸ್ತಿನೇ ಎತ್ತರ. ಎಫ್ ಕಾರ್ಡ್ ಹಿಡಿದರೆ ಬೆರಳು ನೋಯುತ್ತದೆ. ಸಣ್ಣ ಅರ ತರಬೇಕು.