ಝಾಕ್ಸೈಡ್: ಓಡಾಡಿದ ಡೈರೆಕ್ಟರಿಗಳನ್ನು ಮರೆಯದ ಪುಟ್ಟ ಟೂಲು, ದೀರ್ಘ ಬಳಕೆಯ ವಿಮರ್ಶೆ

ಮೊದಲೇ ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ರೀಸ್ಟಾರ್ಟ್ ಆದಮೇಲೆ ಟರ್ಮಿನಲ್ಲನ್ನು (ಕಮಾಂಡ್ ಟೈಪಿಸುವ ಕಿಟಕಿಯನ್ನು) ನಿಂತಿದ್ದ ಜಾಗದಲ್ಲೇ ತೆರೆದುಕೊಡುವ ಟೂಲು ಝಾಕ್ಸೈಡ್ ಅಲ್ಲ. ಟರ್ಮಿನಲ್ ಎಂದಿನಂತೆ ಹೋಮ್ ಡೈರೆಕ್ಟರಿಯಲ್ಲೇ, ಅಂದರೆ ನಿಮ್ಮ ಮೂಲ ಫೋಲ್ಡರಿನಲ್ಲೇ ತೆರೆದುಕೊಳ್ಳುತ್ತದೆ. ಝಾಕ್ಸೈಡ್ ನೆನಪಿಡುವುದು ನೀವು ಎಲ್ಲೆಲ್ಲಿಗೆ, ಎಷ್ಟು ಸಲ, ಕೊನೆಯ ಬಾರಿ ಯಾವಾಗ ಹೋಗಿದ್ದಿರಿ ಎಂಬುದನ್ನು. ಆಮೇಲೆ ಒಂದೇ ಅಕ್ಷರದ ‘ಝಡ್’ ಕಮಾಂಡಿನ ಮುಂದೆ ಹೆಸರಿನ ಒಂದು ತುಂಡು ಕೊಟ್ಟರೆ ಸಾಕು, ಐದು ಹಂತ ಒಳಗಿರುವ ಡೈರೆಕ್ಟರಿಗೂ ನೇರ ಹೋಗಬಹುದು. ಈ ವ್ಯತ್ಯಾಸ ತಿಳಿಯದೆ ಹಾಕಿಕೊಂಡವರು ವಾರದೊಳಗೆ ತೆಗೆದುಹಾಕುತ್ತಾರೆ. ತಿಳಿದವರು ಮತ್ತೆ ಡೈರೆಕ್ಟರಿ ಬದಲಿಸುವ ಮಾಮೂಲಿ ‘ಸಿಡಿ’ ಕಮಾಂಡಿನ ಕಡೆ ಹೋಗುವುದು ಅಪರೂಪ.

ಇದು 2020ರಲ್ಲಿ ಶುರುವಾದ, ರಸ್ಟ್ ಭಾಷೆಯಲ್ಲಿ ಬರೆದ, ಎಂಐಟಿ ಲೈಸೆನ್ಸಿನ ಉಚಿತ ಟೂಲು. ಇದಕ್ಕೂ ಮುಂಚೆ ಇದೇ ಕೆಲಸಕ್ಕೆ ಪೈಥಾನಿನ ಆಟೋಜಂಪ್ ಇತ್ತು, ಶೆಲ್ ಸ್ಕ್ರಿಪ್ಟಿನಲ್ಲಿ ಬರೆದ ಝಡ್ ಎಂಬ ಇನ್ನೊಂದು ಟೂಲು ಇತ್ತು. ಎರಡರಿಂದಲೂ ಇದು ಎರವಲು ಪಡೆದಿದೆ, ಆದರೆ ಪ್ರಾಂಪ್ಟ್ (ಮುಂದಿನ ಕಮಾಂಡಿಗೆ ಕಾಯುವ ಸಾಲು) ಬರುವುದರಲ್ಲಿ ತಡ ಎನಿಸುವುದಿಲ್ಲ. ಬ್ಯಾಶ್, ಝಡ್‌ಎಸ್‌ಎಚ್, ಫಿಶ್, ಪವರ್‌ಶೆಲ್, ನುಶೆಲ್ ಎಂಬ ಶೆಲ್‌ಗಳೆಲ್ಲದರಲ್ಲೂ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂಗಳಲ್ಲಿ) ನಡೆಯುತ್ತದೆ.

ರೀಸ್ಟಾರ್ಟ್ ವಿಷಯದಲ್ಲಿ ಇದರ ದೊಡ್ಡ ಗುಣ ಎಂದರೆ, ಡೈರೆಕ್ಟರಿ ಬದಲಾದ ಕೂಡಲೇ ಡಿಸ್ಕಿಗೆ ಬರೆದುಬಿಡುತ್ತದೆ. ಬ್ಯಾಶಿನ ಹಿಸ್ಟರಿ (ಕೊಟ್ಟ ಕಮಾಂಡುಗಳ ಪಟ್ಟಿ) ಮಾಮೂಲಿ ಸೆಟ್ಟಿಂಗಿನಲ್ಲಿ ಶೆಲ್ ಸರಿಯಾಗಿ ಮುಚ್ಚಿದಾಗ ಮಾತ್ರ ಫೈಲಿಗೆ ಹೋಗುತ್ತದೆ. ಕರೆಂಟು ಹೋಗಿ ಡೆಸ್ಕ್‌ಟಾಪ್ ಧುತ್ತನೆ ಆರಿದರೆ ಆ ದಿನದ ಹಿಸ್ಟರಿ ಹೋಯಿತು ಎಂದೇ ಲೆಕ್ಕ. ಝಾಕ್ಸೈಡ್ ಮೊದಲು ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ಅದನ್ನು ಹಳೆಯ ಫೈಲಿನ ಹೆಸರಿಗೆ ಬದಲಿಸುವುದರಿಂದ ಅರ್ಧ ಬರೆದು ಕೆಟ್ಟ ಡೇಟಾಬೇಸ್ ಉಳಿಯುವ ಸಾಧ್ಯತೆ ತೀರಾ ಕಡಿಮೆ. ಆ ಫೈಲು ಲಿನಕ್ಸಿನಲ್ಲಿ ಹೋಮ್ ಒಳಗಿನ ಲೋಕಲ್–ಶೇರ್ ಜಾಗದಲ್ಲಿ, ಮ್ಯಾಕಿನಲ್ಲಿ ಲೈಬ್ರರಿಯ ಅಪ್ಲಿಕೇಶನ್ ಸಪೋರ್ಟ್ ಒಳಗೆ, ವಿಂಡೋಸಿನಲ್ಲಿ ಲೋಕಲ್ ಆಪ್‌ಡೇಟಾದಲ್ಲಿ ಇರುತ್ತದೆ. ಓಎಸ್ ಹೊಸದಾಗಿ ಹಾಕುವ ಮುನ್ನ ಈ ಒಂದು ಫೈಲು ಎತ್ತಿಟ್ಟುಕೊಂಡರೆ ನೆನಪೆಲ್ಲ ಉಳಿಯಿತು, ಹೋಮ್ ಡೈರೆಕ್ಟರಿಯ ಹೆಸರು ಬದಲಾಗಿರಬಾರದು ಅಷ್ಟೇ. ಬದಲಾದರೆ, ಡೈರೆಕ್ಟರಿಗಳ ಪೂರ್ತಿ ವಿಳಾಸಗಳಾದ ಹಳೆಯ ಪಾತ್‌ಗಳೆಲ್ಲ ಸತ್ತ ಪಾತ್‌ಗಳು.

ಅಂಕ ಹಾಕುವ ವಿಧಾನ ತಿಳಿಯದೆ ಇದರ ಜೊತೆ ಬಾಳುವುದು ಕಷ್ಟ. ಒಂದು ಡೈರೆಕ್ಟರಿಗೆ ಮೊದಲ ಸಲ ಹೋದಾಗ 1 ಅಂಕ, ಆಮೇಲೆ ಪ್ರತಿ ಸಲವೂ ಒಂದೊಂದು ಸೇರುತ್ತದೆ. ಹುಡುಕುವ ಹೊತ್ತಿಗೆ, ಕೊನೆಯ ಭೇಟಿ ಒಂದು ಗಂಟೆಯೊಳಗಿದ್ದರೆ ಅಂಕವನ್ನು 4ರಿಂದ ಗುಣಿಸುತ್ತದೆ. ಒಂದು ದಿನದೊಳಗಾದರೆ 2ರಿಂದ. ವಾರದೊಳಗಾದರೆ ಅರ್ಧ ಮಾಡುತ್ತದೆ, ಅದಕ್ಕೂ ಹಳೆಯದಾದರೆ ಕಾಲು ಭಾಗ. ಹೊಂದುವವುಗಳಲ್ಲಿ ಯಾವುದರ ಬೆಲೆ (ಹೀಗೆ ಲೆಕ್ಕ ಹಾಕಿ ಬಂದ ಅಂಕ) ದೊಡ್ಡದೋ ಅಲ್ಲಿಗೆ ಕರೆದೊಯ್ಯುತ್ತದೆ.

ದೂರುಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಮುಗಿದ ಪ್ರಾಜೆಕ್ಟಿನ ‘ಅಂಗಡಿ/ಎಪಿಐ’ ಡೈರೆಕ್ಟರಿಗೆ 200 ಅಂಕ ಇದೆ, ಹತ್ತು ದಿನದಿಂದ ಮುಟ್ಟಿಲ್ಲ ಎಂದುಕೊಳ್ಳಿ. ಅದರ ಬೆಲೆ 50. ಹೊಸ ಪ್ರಾಜೆಕ್ಟಿನ ‘ಸಾರಿಗೆ/ಎಪಿಐ’ಗೆ 13 ಸಲ ಹೋಗಿದ್ದೀರಿ. ಕೆಲಸದ ಮಧ್ಯೆ, ಗಂಟೆಯೊಳಗೆ ‘ಝಡ್ ಎಪಿಐ’ ಎಂದರೆ ಹೊಸದರ ಬೆಲೆ 52, ಸರಿಯಾದ ಜಾಗಕ್ಕೇ ಹೋಗುತ್ತದೆ. ಮಾರನೇ ಬೆಳಿಗ್ಗೆ ಅದೇ ಕಮಾಂಡ್ ಕೊಟ್ಟರೆ 13ರ ಎರಡರಷ್ಟು, ಅಂದರೆ 26 ಮಾತ್ರ, ಹಳೆಯದು ಗೆಲ್ಲುತ್ತದೆ. ಶನಿವಾರ, ಭಾನುವಾರ ಕಳೆದು ಸೋಮವಾರ ಗೆಲ್ಲಬೇಕಾದರೆ ಹೊಸದಕ್ಕೆ ನೂರಕ್ಕೂ ಹೆಚ್ಚು ಅಂಕ ಬೇಕು. ಇಷ್ಟಕ್ಕೇ ನಿಲ್ಲುವುದಿಲ್ಲ. ತಪ್ಪಿ ಹಳೆಯದಕ್ಕೆ ಹೋದದ್ದೂ ಒಂದು ಭೇಟಿಯೇ. ಅದರ ಅಂಕ 201 ಆಗಿ, ಮುಂದಿನ ಒಂದು ಗಂಟೆ ಅದರ ಬೆಲೆ 804. ತಪ್ಪು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ದಸರಾಕ್ಕೆ ಹತ್ತು ದಿನ ರಜೆ ಹಾಕಿ ಬಂದ ಮೇಲೆ ಟೂಲು ಎಲ್ಲೆಲ್ಲಿಗೋ ಹಾರುತ್ತದೆ ಎಂದು ಗೊಣಗುವವರಿಗೂ ಉತ್ತರ ಇದೇ ಲೆಕ್ಕದಲ್ಲಿದೆ. ವಾರ ದಾಟಿದ ಮೇಲೆ ಎಲ್ಲಕ್ಕೂ ಕಾಲು ಭಾಗವೇ ಆದ್ದರಿಂದ ಇತ್ತೀಚಿನದು ಎಂಬ ಅನುಕೂಲ ಯಾವುದಕ್ಕೂ ಇಲ್ಲ. ಯಾವುದಕ್ಕೆ ಹಿಂದಿನಿಂದ ಹೆಚ್ಚು ಅಂಕ ಕೂಡಿದೆಯೋ ಅದು ಮೇಲೆ ಬರುತ್ತದೆ.

ಪರಿಹಾರ ಸುಲಭ: ಎರಡು ತುಂಡು ಕೊಡಿ. ‘ಝಡ್ ಸಾರಿ ಎಪಿಐ’ ಎಂದರೆ ಗೊಂದಲವೇ ಇಲ್ಲ. ತುಂಡುಗಳು ಪಾತಿನಲ್ಲಿರುವ ಕ್ರಮದಲ್ಲೇ ಬರಬೇಕು, ‘ಝಡ್ ಎಪಿಐ ಸಾರಿ’ ಎಂದರೆ ಏನೂ ಸಿಗಲಿಲ್ಲ ಎನ್ನುತ್ತದೆ. ಇನ್ನೊಂದು ನಿಯಮವನ್ನು ಹೊಸಬರು ಗಮನಿಸುವುದಿಲ್ಲ. ಕೊನೆಯ ತುಂಡು ಪಾತಿನ ಕೊನೆಯ ಭಾಗದಲ್ಲೇ ಇರಬೇಕು. ‘ಝಡ್ ಸಾರಿಗೆ’ ಎಂದರೆ ಸಾರಿಗೆ ಡೈರೆಕ್ಟರಿಗೆ ಹೋಗುತ್ತದೆಯೇ ಹೊರತು, ಅದರೊಳಗಿನ ಎಪಿಐಗೆ ಎಷ್ಟೇ ಅಂಕ ಇದ್ದರೂ ಅಲ್ಲಿಗೆ ಹೋಗುವುದಿಲ್ಲ. ಈಗ ನಿಂತಿರುವ ಡೈರೆಕ್ಟರಿಯನ್ನು ಹುಡುಕಾಟದಿಂದ ಬಿಡುವುದರಿಂದ, ಒಂದೇ ಹೆಸರಿನ ಎರಡೇ ಜಾಗ ಇದ್ದರೆ ‘ಝಡ್ ಎಪಿಐ’ಯನ್ನು ಮತ್ತೊಮ್ಮೆ ಒತ್ತಿದರೂ ಇನ್ನೊಂದಕ್ಕೆ ತಲುಪುತ್ತೀರಿ. ಮುಗಿದ ಪ್ರಾಜೆಕ್ಟುಗಳನ್ನು ‘ಝಾಕ್ಸೈಡ್ ರಿಮೂವ್’ ಹಾಕಿ ತೆಗೆಯುವುದು ಒಳ್ಳೆಯ ಅಭ್ಯಾಸ. ಅಂಕ ಏರಿಸಿ ಇಳಿಸಬೇಕಾದರೆ ‘ಝಾಕ್ಸೈಡ್ ಎಡಿಟ್’ ಇದೆ. ಯಾವುದಕ್ಕೆ ಎಷ್ಟು ಅಂಕ ಎಂದು ನೋಡಲು ‘ಕ್ವೆರಿ’ಗೆ ಲಿಸ್ಟ್ ಮತ್ತು ಸ್ಕೋರ್ ಆಪ್ಶನ್ ಕೊಡಬೇಕು. ತಿಂಗಳಿಗೊಮ್ಮೆ ಆ ಪಟ್ಟಿಯ ಮೇಲಿನ ಇಪ್ಪತ್ತು ಸಾಲು ನೋಡಿದರೆ ಸಾಕು.

ಮರೆಯುವುದಕ್ಕೂ ಲೆಕ್ಕವಿದೆ. ಎಲ್ಲ ಅಂಕಗಳ ಮೊತ್ತ 10,000 ದಾಟಿದಾಗ, ಮೊತ್ತ 9,000ದ ಆಸುಪಾಸಿಗೆ ಇಳಿಯುವಂತೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸುತ್ತದೆ. 1ಕ್ಕಿಂತ ಕೆಳಗಿಳಿದವು ಪಟ್ಟಿಯಿಂದ ಹೊರಗೆ. ಅಂದರೆ ಒಮ್ಮೆ ಮಾತ್ರ ಹೋಗಿದ್ದ ಜಾಗಗಳೆಲ್ಲ ಮೊದಲ ಸುತ್ತಿನಲ್ಲೇ ಮಾಯ. ಎರಡು ಸಲ ಹೋದದ್ದು ಏಳನೇ ಸುತ್ತಿನವರೆಗೆ ಉಳಿಯುತ್ತದೆ. ದಿನಕ್ಕೆ ನೂರು ಸಲ ಡೈರೆಕ್ಟರಿ ಬದಲಿಸುವವರಿಗೆ ಮೊದಲ ಸುತ್ತು ಬರಲು ನೂರು ದಿನ ಬೇಕು, ಆಮೇಲೆ ಸುಮಾರು ಹತ್ತು ದಿನಕ್ಕೊಂದು. ವರ್ಷಕ್ಕೊಮ್ಮೆ ತೆರಿಗೆ ಲೆಕ್ಕಕ್ಕೆ ತೆರೆಯುವ ಫೋಲ್ಡರನ್ನು ಇದು ನೆನಪಿಟ್ಟಿರಲಿ ಎಂದು ಬಯಸಿದರೆ ‘ಮ್ಯಾಕ್ಸ್ ಏಜ್’ ಎಂಬ ವೇರಿಯಬಲ್ಲಿನ (ಸೆಟ್ಟಿಂಗಿನ) ಮಿತಿ ಹೆಚ್ಚಿಸಬೇಕು.

ಇಲ್ಲವಾದ ಡೈರೆಕ್ಟರಿಗಳ ಕಥೆ ಬೇರೆ. ಹುಡುಕುವಾಗ ಪಾತ್ ಡಿಸ್ಕಿನಲ್ಲಿ ಇಲ್ಲದಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ, ಆದರೆ ಕೂಡಲೇ ಅಳಿಸುವುದಿಲ್ಲ. ಕೊನೆಯ ಭೇಟಿಯಾಗಿ ಮೂರು ತಿಂಗಳು ದಾಟಿದ್ದರೆ ಮಾತ್ರ ಅಳಿಸುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್ ಬಳಸುವವರಿಗೆ ಇದು ಅನುಕೂಲವೂ ಹೌದು, ತೊಡಕೂ ಹೌದು: ವಾರಕ್ಕೊಮ್ಮೆ ಸಿಕ್ಕಿಸುವ ಡಿಸ್ಕಿನ ಜಾಗಗಳು ಉಳಿಯುತ್ತವೆ, ಆರು ತಿಂಗಳಿಗೊಮ್ಮೆ ಸಿಕ್ಕಿಸುವುದರವು ಸದ್ದಿಲ್ಲದೆ ಹೋಗಿರುತ್ತವೆ. ಪಾತ್ ಇದೆಯೇ ಎಂದು ನೋಡಲು ಡಿಸ್ಕನ್ನು ಕೇಳಬೇಕಲ್ಲ, ಹಾಗಾಗಿ ಸತ್ತುಹೋದ ನೆಟ್‌ವರ್ಕ್ ಮೌಂಟಿನ (ನೆಟ್‌ವರ್ಕಿನ ಮೂಲಕ ಜೋಡಿಸಿಕೊಂಡ ಡಿಸ್ಕಿನ) ಪಾತ್ ನಿಮ್ಮ ಹುಡುಕಾಟಕ್ಕೆ ಹೊಂದಿದರೆ ‘ಝಡ್’ ಅಲ್ಲೇ ನಿಂತುಬಿಡುತ್ತದೆ. ಆಫೀಸಿನ ಎನ್‌ಎಫ್‌ಎಸ್ ಶೇರನ್ನು ಮನೆಯಿಂದ ವಿಪಿಎನ್‌ನಲ್ಲಿ ಬಳಸುವವರು ಆ ಮೌಂಟನ್ನು ಹೊರಗಿಡುವ ಪಟ್ಟಿಗೆ ಸೇರಿಸುವುದು ಲೇಸು.

ಆ ಪಟ್ಟಿಯದೂ ಒಂದು ಕಿರಿಕಿರಿ. ‘ಎಕ್ಸ್‌ಕ್ಲೂಡ್ ಡೈರ್ಸ್’ ವೇರಿಯಬಲ್ಲಿನ ಮೂಲ ಬೆಲೆ ಹೋಮ್ ಡೈರೆಕ್ಟರಿ. ನೀವು ಹೊಸ ಬೆಲೆ ಕೊಟ್ಟ ಕೂಡಲೇ ಮೂಲದ್ದು ಹೋಗುತ್ತದೆ, ಹೋಮ್ ಕೂಡ ಅಂಕ ಗಳಿಸಲು ಶುರು ಮಾಡುತ್ತದೆ. ಆದ್ದರಿಂದ ಮೊದಲು ಹೋಮ್ ಬರೆದು, ಆಮೇಲೆ ನಿಮ್ಮವನ್ನು ಸೇರಿಸಿ. ಲಿನಕ್ಸ್, ಮ್ಯಾಕ್‌ಗಳಲ್ಲಿ ನಡುವೆ ಕೋಲನ್, ವಿಂಡೋಸಿನಲ್ಲಿ ಸೆಮಿಕೋಲನ್. ಡೈರೆಕ್ಟರಿಯ ಹೆಸರನ್ನಷ್ಟೇ ಕೊಟ್ಟರೆ ಅದೊಂದೇ ಹೊರಗುಳಿಯುತ್ತದೆ. ಒಳಗಿನವೂ ಬೇಡವಾದರೆ ಕೊನೆಯಲ್ಲಿ ಸ್ಲ್ಯಾಶ್ ಮತ್ತು ನಕ್ಷತ್ರ ಹಾಕಿದ ಇನ್ನೊಂದು ನಮೂದು ಬೇಕು. ತಾತ್ಕಾಲಿಕ ಫೈಲುಗಳ ಟೆಂಪ್ ಡೈರೆಕ್ಟರಿಯನ್ನು ಹೀಗೆ ಹೊರಗಿಟ್ಟರೆ ಪಟ್ಟಿ ಚೊಕ್ಕಟವಾಗಿರುತ್ತದೆ.

ಹಾಕಿಕೊಳ್ಳುವಾಗ ಉಬುಂಟು, ಡೆಬಿಯನ್ ಬಳಸುವವರು ಎಚ್ಚರವಾಗಿರಿ. ಅವುಗಳ ರೆಪಾಸಿಟರಿಯ ಪ್ಯಾಕೇಜು ಹಿಂದೆ ಬಿದ್ದಿರುತ್ತದೆ, ಟೂಲಿನವರೇ ತಮ್ಮ ಇನ್‌ಸ್ಟಾಲ್ ಸ್ಕ್ರಿಪ್ಟ್ ಬಳಸಿ ಎನ್ನುತ್ತಾರೆ. ಅದು ಫೈಲನ್ನು ಹೋಮ್ ಒಳಗಿನ ಲೋಕಲ್–ಬಿನ್‌ನಲ್ಲಿ ಇಡುತ್ತದೆ. ಆ ಜಾಗ ಪಾತ್ ವೇರಿಯಬಲ್ಲಿಗೆ (ಶೆಲ್ ಕಮಾಂಡುಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿದ ನಂತರವೇ, ಶೆಲ್ ಶುರುವಾದಾಗ ಝಾಕ್ಸೈಡನ್ನು ಚಾಲೂ ಮಾಡುವ ಇನಿಟ್ ಸಾಲು ಬರಬೇಕು. ಹಲವು ಜಾಗಗಳಿಂದ ಆರಿಸುವ ‘ಝಡ್‌ಐ’ ಕಮಾಂಡಿಗೆ ಎಫ್‌ಝಡ್‌ಎಫ್ ಎಂಬ ಹುಡುಕುವ ಟೂಲು ಬೇಕು, ಅದೂ 0.51 ಅಥವಾ ಹೊಸದು. ಉಬುಂಟು 24.04ರ ರೆಪಾಸಿಟರಿಯಲ್ಲಿರುವುದು 0.44. ‘ಝಡ್’ ಸರಿ ಇದ್ದು ‘ಝಡ್‌ಐ’ ಮಾತ್ರ ಎಡವಟ್ಟು ಮಾಡಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಇನಿಟ್ ಸಾಲು, ಬ್ಯಾಶ್ ಶುರುವಾದಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನ ತೀರಾ ಕೊನೆಯಲ್ಲಿರಲಿ. ಬ್ಯಾಶಿನಲ್ಲಿ ಇದು ಪ್ರಾಂಪ್ಟ್ ಕಮಾಂಡ್ ಎಂಬ ವೇರಿಯಬಲ್ಲಿಗೆ ತನ್ನ ಹುಕ್ (ಭೇಟಿ ದಾಖಲಿಸುವ ತುಣುಕು) ಸೇರಿಸುತ್ತದೆ. ಆಮೇಲೆ ಬರುವ ಪ್ರಾಂಪ್ಟ್ ಥೀಮು ಅದನ್ನು ತಿದ್ದಿ ಬರೆದರೆ ‘ಝಡ್’ ನಡೆಯುತ್ತಿರುತ್ತದೆ, ಹೊಸ ಜಾಗಗಳು ಮಾತ್ರ ದಾಖಲಾಗುವುದಿಲ್ಲ. ಹೊಸ ಆವೃತ್ತಿಗಳು ಇಂಥ ಕಡೆ ಎಚ್ಚರಿಕೆ ಕೊಡುತ್ತವೆ. ಝಡ್‌ಎಸ್‌ಎಚ್‌ನಲ್ಲಿ ಕಾಂಪ್‌ಇನಿಟ್ ಆದಮೇಲೆ ಹಾಕಬೇಕು, ಇಲ್ಲವಾದರೆ ಟ್ಯಾಬ್ ಒತ್ತಿದಾಗ ಹೆಸರು ತುಂಬಿಕೊಳ್ಳುವುದಿಲ್ಲ. ಹುಕ್ಕನ್ನು, ಡೈರೆಕ್ಟರಿ ಬದಲಾದಾಗ ಮಾತ್ರ ದಾಖಲಿಸುವ ‘ಪಿಡಬ್ಲ್ಯುಡಿ’ಯಲ್ಲೇ ಬಿಡಿ. ‘ಪ್ರಾಂಪ್ಟ್’ ಎಂದು ಬದಲಿಸಿದರೆ ಪ್ರತಿ ಎಂಟರಿಗೂ ಅಂಕ ಸೇರುತ್ತದೆ. ಒಂದೇ ಕಡೆ ಕೂತು ಐವತ್ತು ಸಲ ಗಿಟ್ ಸ್ಟೇಟಸ್ ನೋಡಿದ್ದೂ ಐವತ್ತು ಭೇಟಿಯಾಗಿ, ಕುಗ್ಗಿಸುವ ಸುತ್ತುಗಳು ಬೇಗ ಬೇಗ ಬಂದು ಅಪರೂಪದ ಜಾಗಗಳು ತೊಲಗುತ್ತವೆ.

‘ಸಿಡಿ’ಯನ್ನೇ ಝಾಕ್ಸೈಡಿಗೆ ಒಪ್ಪಿಸುವ ಆಪ್ಶನ್ ಬಹಳ ಜನಪ್ರಿಯ. ನನ್ನ ಮತ ಬೇಡ ಎಂದೇ. ಇರುವ ಡೈರೆಕ್ಟರಿಯೊಳಗೆ ಆ ಹೆಸರಿನದು ಇದ್ದರೆ ಅದು ಮಾಮೂಲಿ ಸಿಡಿಯಂತೆಯೇ ನಡೆಯುತ್ತದೆ, ನಿಜ. ಇಲ್ಲದಿದ್ದಾಗ ಏನು? ‘ಸಿಡಿ ಬಿಲ್ಡ್’ ಮಾಡಿ, ಅದು ಯಶಸ್ವಿಯಾದರೆ ಒಳಗಿನದ್ದೆಲ್ಲ ಅಳಿಸು ಎಂದು ಒಂದೇ ಸಾಲಿನಲ್ಲಿ ಕೊಡುವ ಅಭ್ಯಾಸ ಎಷ್ಟೋ ಜನರಿಗಿದೆ. ನಿಜವಾದ ಸಿಡಿ ಬಿಲ್ಡ್ ಸಿಗದೆ ಅಲ್ಲೇ ನಿಲ್ಲುತ್ತದೆ. ಝಾಕ್ಸೈಡ್ ಬೇರೊಂದು ಪ್ರಾಜೆಕ್ಟಿನ ಬಿಲ್ಡಿಗೆ ಹೋಗಿ ಯಶಸ್ವಿಯಾಗುತ್ತದೆ, ಮುಂದಿನ ಅಳಿಸುವ ಕಮಾಂಡ್ ಅಲ್ಲಿ ನಡೆಯುತ್ತದೆ. ಝಡ್ ಬೇರೆ, ಸಿಡಿ ಬೇರೆ ಇದ್ದರೆ ಈ ಅಪಾಯವಿಲ್ಲ. ಹಠ ಹಿಡಿದು ಬದಲಿಸುವವರು ಎಕೋ ವೇರಿಯಬಲ್ 1 ಮಾಡಿಕೊಂಡರೆ, ಹೋಗುವ ಪಾತ್ ಪರದೆಯ ಮೇಲಾದರೂ ಕಾಣುತ್ತದೆ.

ಎರಡು ಮಷಿನ್ ಇದ್ದವರು ಡೇಟಾಬೇಸನ್ನು ಕ್ಲೌಡ್ ಫೋಲ್ಡರಿನಲ್ಲಿ ಹಂಚಿಕೊಳ್ಳಲು ಹೋಗಬೇಡಿ. ಅದು ಬೈನರಿ ಫೈಲು. ಎರಡು ಕಡೆಯ ಬದಲಾವಣೆಗಳು ಬೆರೆಯುವುದಿಲ್ಲ, ಕೊನೆಗೆ ಬಂದದ್ದು ಉಳಿಯುತ್ತದೆ. ಡಬ್ಲ್ಯುಎಸ್‌ಎಲ್ (ವಿಂಡೋಸಿನಲ್ಲೇ ಲಿನಕ್ಸ್ ನಡೆಸುವ ಸೌಲಭ್ಯ) ಒಳಗಿನ ಲಿನಕ್ಸ್ ಮತ್ತು ಹೊರಗಿನ ಪವರ್‌ಶೆಲ್ ಕೂಡ ಬೇರೆ ಬೇರೆ ಡೇಟಾಬೇಸ್ ಇಟ್ಟುಕೊಳ್ಳುತ್ತವೆ, ಒಂದೇ ಲ್ಯಾಪ್‌ಟಾಪ್ ಆದರೂ.

ಡೈರೆಕ್ಟರಿಗಳಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಬೇರೆ ಎಲ್ಲೂ ಸಿಗದ ಒಂದು ಮಾತು. ಕನ್ನಡದ ಹೆಸರುಗಳನ್ನೂ ಝಾಕ್ಸೈಡ್ ದಾಖಲಿಸುತ್ತದೆ, ಹುಡುಕುತ್ತದೆ. ಆದರೆ ಹೋಲಿಸುವುದು ಯೂನಿಕೋಡ್ ಸಂಕೇತಗಳನ್ನು ಇದ್ದ ಹಾಗೇ. ‘ಫ್ರಂಟ್‌ಎಂಡ್’ ಎನ್ನುವಾಗ ನಡುವೆ ಕಾಣದಂತೆ ಕೂತಿರುವ ಜೋಡಣೆ ತಡೆಯುವ ಅಕ್ಷರ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಹೊಂದುವುದಿಲ್ಲ. ‘ಕೋ’ದಲ್ಲಿರುವ ಓತ್ವ ಒಂದೇ ಸಂಕೇತದಲ್ಲೂ ಬರಬಹುದು, ಬಿಡಿ ತುಂಡುಗಳಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಟೂಲಿಗೆ ಎರಡು. ಹುಡುಕಾಟಕ್ಕೆ ಇಂಥ ಅಕ್ಷರ ಇಲ್ಲದ ತುಂಡನ್ನು ಆರಿಸಿಕೊಂಡರೆ ತೊಂದರೆ ತಪ್ಪುತ್ತದೆ. ಪ್ರತಿ ಸಲ ಕೀಬೋರ್ಡ್ ಬದಲಿಸುವ ರಗಳೆಯೂ ಸೇರಿದರೆ, ಪ್ರಾಜೆಕ್ಟ್ ಡೈರೆಕ್ಟರಿಗಳಿಗೆ ಇಂಗ್ಲಿಷ್ ಅಕ್ಷರವೇ ಸಲೀಸು.

ಇನ್ನು, ನಿಂತ ಜಾಗದಲ್ಲೇ ಟರ್ಮಿನಲ್ ತೆರೆಯಬೇಕು ಎನ್ನುವವರಿಗೆ. ಟೀಮಕ್ಸ್ (ಒಂದೇ ಟರ್ಮಿನಲ್ಲಿನಲ್ಲಿ ಹಲವು ಶೆಲ್ ನಡೆಸುವ ಟೂಲು) ಬಳಸುವವರಾದರೆ ರಿಸರೆಕ್ಟ್ ಪ್ಲಗಿನ್ ಹಾಕಿ. ವಿಂಡೋ, ಪೇನ್, ಅವುಗಳ ಡೈರೆಕ್ಟರಿ ಎಲ್ಲವನ್ನೂ ಉಳಿಸುತ್ತದೆ. ತಾನಾಗಿಯೇ ಉಳಿಸಲು ಜೊತೆಗೆ ಕಂಟಿನ್ಯುಯಮ್ ಬೇಕು, ಅದು ಮಾಮೂಲಿಯಾಗಿ 15 ನಿಮಿಷಕ್ಕೊಮ್ಮೆ ಬರೆಯುತ್ತದೆ, ಅಷ್ಟರೊಳಗೆ ಕರೆಂಟು ಹೋದರೆ ಆ ನಡುವಿನದು ಹೋಯಿತು. ಟೀಮಕ್ಸ್ ಬೇಡವಾದರೆ ಬ್ಯಾಶ್‌ಆರ್‌ಸಿಯಲ್ಲಿ ಎರಡು ಸಾಲು ಸಾಕು: ಪ್ರತಿ ಪ್ರಾಂಪ್ಟಿಗೂ ಈಗಿನ ಡೈರೆಕ್ಟರಿಯನ್ನು ಒಂದು ಫೈಲಿಗೆ ಬರೆಯುವುದು, ಶೆಲ್ ಶುರುವಾದಾಗ ಅದನ್ನು ಓದಿ ಅಲ್ಲಿಗೆ ಹೋಗುವುದು. ಎರಡನೆಯದಕ್ಕೆ ‘ಶೆಲ್ ಹೋಮ್‌ನಲ್ಲಿ ತೆರೆದಿದ್ದರೆ ಮಾತ್ರ’ ಎಂಬ ಷರತ್ತು ಮರೆಯಬೇಡಿ. ಅದಿಲ್ಲದಿದ್ದರೆ ವಿಎಸ್ ಕೋಡ್ ತನ್ನ ಪ್ರಾಜೆಕ್ಟಿನಲ್ಲಿ ತೆರೆಯುವ ಟರ್ಮಿನಲ್ಲೂ ಕೊನೆಯ ಟ್ಯಾಬ್ ಇದ್ದ ಜಾಗಕ್ಕೆ ಎಳೆದುಕೊಂಡು ಹೋಗುತ್ತದೆ.