ಅಡಿಕೆ ಡ್ರೈಯರ್‌ನ ಗಾಳಿಗೆ ಓಪನ್‌ಫೋಮೋ, ಎಸ್‌ಯು2ವೋ?

ಅಡಿಕೆ ಡ್ರೈಯರ್ ಒಳಗೆ ಬಿಸಿಗಾಳಿ ಹೇಗೆ ಸುತ್ತುತ್ತದೆಂದು ಕಂಪ್ಯೂಟರಿನಲ್ಲಿ ನೋಡಬೇಕು, ಯಾವುದರಿಂದ ಶುರು ಮಾಡಲಿ ಎಂದು ಶಿವಮೊಗ್ಗದಿಂದ ಕೇಳಿದ್ದೀರಿ. ಓಪನ್‌ಫೋಮ್, ಎಸ್‌ಯು2 ಎರಡೂ ಗಾಳಿ, ನೀರಿನ ಹರಿವನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳು. ದುಡ್ಡಿನ ಮಾತು ಬಿಡಿ, ಎರಡೂ ಪುಕ್ಕಟೆ. ಖರ್ಚಾಗುವುದು ತಲೆ ಮತ್ತು ರ್‍ಯಾಮ್: ಓಪನ್‌ಫೋಮ್‌ನಲ್ಲಿ 10 ಲಕ್ಷ ಸೆಲ್‌ಗಳ ಮೆಶ್‌ಗೆ (ಗಾಳಿ ಹರಿಯುವ ಜಾಗವನ್ನು ಪುಟ್ಟ ತುಂಡುಗಳಾಗಿ ಹೆಣೆದ ಬಲೆಗೆ) ಅಂದಾಜು 1–2 ಜಿಬಿ ಹಿಡಿಯಿರಿ.

ಕಲಿಯಲು ಎಸ್‌ಯು2 ಹಗುರ. ಸೆಟ್ಟಿಂಗ್ ಎಲ್ಲ ಒಂದೇ ಕಾನ್ಫಿಗ್ ಫೈಲಿನಲ್ಲಿ. ವಿಂಡೋಸ್‌ನಲ್ಲೂ ನೇರ ಓಡುತ್ತದೆ. ಮೆಶ್ ಮಾತ್ರ ಜಿಮೆಶ್‌ನಂಥ ಬೇರೆ ಸಾಫ್ಟ್‌ವೇರ್‌ನಲ್ಲಿ ಮಾಡಿ ತರಬೇಕು. ಓಪನ್‌ಫೋಮ್‌ನಲ್ಲಿ ‘0’, ‘ಕಾನ್‌ಸ್ಟಂಟ್’, ‘ಸಿಸ್ಟಮ್’ ಎಂಬ ಮೂರು ಫೋಲ್ಡರ್. ಒಂದು ಸೆಮಿಕೋಲನ್ ಬಿಟ್ಟರೂ ಮುನಿಸು. ವಿಂಡೋಸ್‌ನವರು ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳುವುದು ಲೇಸು. ಕಮಾಂಡ್ ಟೈಪಿಸುವ ಟರ್ಮಿನಲ್ ಕಂಡರೆ ದಿಗಿಲಾಗುವವರಿಗೆ ಫ್ರೀಕ್ಯಾಡ್ ಎಂಬ ವಿನ್ಯಾಸ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಸಿಎಫ್‌ಡಿಓಎಫ್ ಇದೆ, ಒಳಗೆ ದುಡಿಯುವುದು ಓಪನ್‌ಫೋಮೇ.

ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ. ಓಪನ್‌ಫೋಮ್‌ನ ಕಂಟ್ರೋಲ್‌ಡಿಕ್ಟ್ ಫೈಲಿನಲ್ಲಿ ‘ಸ್ಟಾರ್ಟ್‌ಫ್ರಮ್’ಗೆ ‘ಲೇಟೆಸ್ಟ್‌ಟೈಮ್’ ಕೊಟ್ಟಿಡಿ, ಕೊನೆಗೆ ಬರೆದಿಟ್ಟಲ್ಲಿಂದ ಮುಂದುವರಿಸಬಹುದು. ಎಸ್‌ಯು2ಗೂ ರೀಸ್ಟಾರ್ಟ್ ಫೈಲ್ ಉಂಟು.

ವಿಮಾನದ ರೆಕ್ಕೆ, ಆಕಾರ ತಿದ್ದಿ ಎಳೆತ ತಗ್ಗಿಸುವ ಕೆಲಸವಾದರೆ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಎಸ್‌ಯು2 ಹಿಡಿಯಿರಿ. ಗಾಜನೂರು ಅಣೆಕಟ್ಟಿನ ಗೇಟಿನಿಂದ ಧುಮುಕುವ ನೀರಿನಂಥದಕ್ಕೆ ನೀರು, ಗಾಳಿ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಓಪನ್‌ಫೋಮ್‌ನ ಇಂಟರ್‌ಫೋಮ್. ನಿಮ್ಮ ಡ್ರೈಯರ್‌ಗೂ ನಾನು ಓಪನ್‌ಫೋಮೇ ಹೇಳುವುದು. ಅದರ ಟ್ಯುಟೋರಿಯಲ್‌ಗಳಲ್ಲಿರುವ ಬಿಸಿ ಕೋಣೆಯ ಗಾಳಿಯ ಉದಾಹರಣೆ ‘ಹಾಟ್‌ರೂಮ್’ ಮೊದಲು ಓಡಿಸಿ, ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ತೆರೆದು ನೋಡಿ.